ಮಿನ್ನಾ ಯಿಡ್ಡಿಷ್ ಕಲಿತದ್ದು

ಬ್ರಾಂಕ್ಸ್‌ನ ನಮ್ಮ ವಠಾರದ ಮಿನ್ನಾ ಜಾಲ್ಟ್ಸ್‌ಮನ್‌ಗೆ ಹೆದರದ ಪೊಲೀಸನಿರಲಿಲ್ಲ. ಬಾಡಿಗೆ ಏರಿಕೆಯ ವಿರುದ್ಧದ ಚಳವಳಿಯಲ್ಲಿ ಅವಳನ್ನು ಹೊತ್ತೊಯ್ಯಲು ನಾಲ್ವರು ಬೇಕಿತ್ತು, ಕಚ್ಚಿಸಿಕೊಳ್ಳಲು ಇನ್ನೊಬ್ಬ. ಅಂಥವಳು ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು, ಪೋಲೆಂಡಿನ ಒಬ್ಬ ಕ್ಯಾಥೊಲಿಕ್ ಹುಡುಗಿಯಿಂದ ತನ್ನ ಯಹೂದಿ ಅಜ್ಜಿಯ ಭಾಷೆ ಯಿಡ್ಡಿಷ್ ಹೇಳಿಸಿಕೊಳ್ಳುತ್ತಿದ್ದಳು.

ಅದು ಒಂದಿಷ್ಟು ಕಲಿತು ಇನ್ನೂ ಹೊಸಬರಾಗಿಯೇ ಉಳಿದವರ ತರಗತಿ. ಅದಕ್ಕೇ ಮತ್ತೆ ಮತ್ತೆ ಸೇರುತ್ತಿದ್ದಳು. ಮೇಲಿನ ತರಗತಿಗೆ ಹೋಗುವಷ್ಟು ತಲೆಗೆ ಹತ್ತಲಿಲ್ಲ, ಬಿಟ್ಟುಬಿಡಲು ಧೈರ್ಯ ಬರಲಿಲ್ಲ. ಜೊತೆಗಿದ್ದ ಬ್ಯೂನಸ್ ಐರಿಸ್‌ನ ಹಲ್ಲಿನ ಡಾಕ್ಟರು ಮುಂದೆ ಹೋದರು. ಇವಳು ಪೇಟೆಯಲ್ಲಿ ಈರುಳ್ಳಿ ಕೊಳ್ಳುವ ಪಾಠದಲ್ಲೇ ಉಳಿದಳು. ನಾನೇ ಕಲಿಸುತ್ತೇನೆಂದರೆ ನನ್ನದು ಮೀನಂಗಡಿಯ ಯಿಡ್ಡಿಷ್ ಎಂದು ಮೂಗು ಮುರಿದಳು.

"ಬಯ್ಯೋಕಾದ್ರೂ ಬರುತ್ತೇನೇ ನಿಂಗೆ?" ಎಂದು ಕೆಣಕಿದೆ.

"ಅದನ್ನ ನಮ್ಮಮ್ಮ ಪುಕ್ಕಟೆ ಕಲಿಸಿದ್ಲು. ಒಳ್ಳೆ ಮಾತಾಡೋಕೆ ದುಡ್ಡು ಕೊಟ್ಟು ಕಲೀತಿದೀನಿ ಕಣೇ."

ಕಾರಣ ವಠಾರಕ್ಕೆಲ್ಲ ಗೊತ್ತಿತ್ತು. ಒಬ್ಬಳೇ ಮಗಳು ಲಿಂಡಾ ದೇವರ ಕಡೆ ತಿರುಗಿ, ಲೀಬಾ ಎಂದು ಹೆಸರಿಟ್ಟುಕೊಂಡು, ವಿಲಿಯಮ್ಸ್‌ಬರ್ಗಿನ ಹ್ಯಾಸಿಡಿಕ್ ಪಂಥದ ಮಡಿವಂತನೊಬ್ಬನನ್ನು ಮದುವೆಯಾಗಿ, ಅವರಲ್ಲಿ ಮದುವೆಯಾದ ಹೆಂಗಸರ ಪದ್ಧತಿಯಂತೆ ತಲೆ ಬೋಳಿಸಿಕೊಂಡಳು. ದೇವರನ್ನೇ ನಂಬದ ಮಿನ್ನಾ ಆಗ, ಮಗಳು ಸತ್ತೇಹೋದಳೆಂಬಂತೆ, ಯಹೂದಿ ಪದ್ಧತಿಯಲ್ಲಿ ಕನ್ನಡಿಗಳಿಗೆ ಬಟ್ಟೆ ಹೊದಿಸಿ, ಗಿಡ್ಡ ಸ್ಟೂಲಿನ ಮೇಲೆ ಏಳು ದಿನ ಸೂತಕ ಕೂತಳು. ಹಿಂದೆ ಮಡಿವಂತ ಅಪ್ಪಂದಿರು ಮತ ಬಿಟ್ಟ ಮಕ್ಕಳಿಗೆ ಮಾಡುತ್ತಿದ್ದುದನ್ನು ಇವಳು ಮತ ಹಿಡಿದ ಮಗಳಿಗೆ ಮಾಡಿದಳು. ವಠಾರ ಹೊಟ್ಟೆ ಹಿಡಿದು ನಕ್ಕಿತು. ಲೀಬಾ ನಗಲಿಲ್ಲ. ಹುಟ್ಟಿದ ಮಕ್ಕಳಿಗೆಲ್ಲ ನಿಮ್ಮಜ್ಜಿ ಸತ್ತಿದ್ದಾಳೆ ಎಂದೇ ಹೇಳಿ ಬೆಳೆಸಿದಳು. ಆ ಮನೆಯ ಚಿಕ್ಕವರಿಗೆ ಯಿಡ್ಡಿಷ್ ಬಿಟ್ಟರೆ ಬೇರೆ ಮಾತು ಬಾರದು. ಸಾಯುವುದರೊಳಗೆ ಒಂದು ಮೊಮ್ಮಗುವಿನ ಹತ್ತಿರವಾದರೂ ಮಾತಾಡಬೇಕು. ಮಿನ್ನಾಗೆ ಬೇಕಿದ್ದದ್ದು ಅಷ್ಟೇ.

ಕಳೆದ ಚಳಿಗಾಲ ಅಳಿಯ ಎದೆನೋವಿನಿಂದ ತೀರಿಕೊಂಡ. ಮಿನ್ನಾ ನನ್ನ ಉದ್ದ ತೋಳಿನ ಕರಿ ಉಡುಪು ತೊಟ್ಟು ಸೂತಕದ ಮನೆಗೆ ಹೊರಟಳು. ಜೊತೆಗೆ ನಾನೂ ಹೋದೆ. ಸೂತಕದವರು ಬಾಯಿಬಿಡುವ ತನಕ ಹೋದವರು ಅವರ ಹತ್ತಿರ ಮಾತಾಡುವಂತಿಲ್ಲ ಎಂದು ರೈಲಿನಲ್ಲಿ ನೆನಪಿಸಿದೆ.

"ಗೊತ್ತು. ಅವಳು ಮಾತಾಡ್ತಾಳೆ," ಎಂದಳು.

ಲೀಬಾ ಮಾತಾಡಲಿಲ್ಲ. ತಾಯಿಯನ್ನು ನೋಡಿದಳು, ಗುರುತಿಸಿದಳು, ಕಣ್ಣು ನೆಲಕ್ಕೆ ನೆಟ್ಟಳು. ಹೆಂಗಸರು ಬಂದು ಸುಮ್ಮನೆ ಕೂತು ಎದ್ದುಹೋದರು. ಮಿನ್ನಾ ಬಾಗಿಲ ಪಕ್ಕ ನಿಂತೇ ಇದ್ದಳು. ಲೀಬಾಳ ಕೊನೆಯ ಮಗಳು ಪೆಸ್ಸಿ, ಇನ್ನೂ ಹಾಲುಹಲ್ಲಿನವಳು, ಎದುರು ಬಂದು ನಿಂತು ಯಿಡ್ಡಿಷಿನಲ್ಲಿ ಕೇಳಿದಳು:

"ನೀವ್ಯಾರು?"

ಮಿನ್ನಾಗೆ ಅರ್ಥವಾಯಿತು. ಉತ್ತರವೂ ಗೊತ್ತಿತ್ತು. ಆದರೆ ಅಜ್ಜಿ ಎಂದರೆ, ಅಪ್ಪ ಸತ್ತ ವಾರದಲ್ಲೇ ಅಮ್ಮ ಸುಳ್ಳುಗಾತಿ ಎಂದು ಮಗುವಿಗೆ ತಿಳಿಯುತ್ತದೆ.

"ಬ್ರಾಂಕ್ಸಿನವಳು."

"ಮಕ್ಕಳಿದಾರಾ?"

"ಒಬ್ಬಳು ಮಗಳು."

"ಎಲ್ಲಿದಾಳೆ?"

ಮಿನ್ನಾ ತಡೆದಳು. ಪದ ಹುಡುಕಿದಳೋ, ಸಿಕ್ಕ ಪದವನ್ನು ನುಂಗಿದಳೋ ನನಗೆ ತಿಳಿಯಲಿಲ್ಲ. "ಇಲ್ಲೇ ಹತ್ತಿರ," ಎಂದಳು.

"ನಿಮ್ಮನ್ನ ನೋಡೋಕೆ ಬರ್ತಾಳಾ?"

"ಇಲ್ಲ. ನಾನು ಅವಳಿಗೆ ಕೆಟ್ಟದ್ದು ಮಾಡ್ದೆ."

ಆಗ ಲೀಬಾ ತಲೆ ಎತ್ತದೆ ಬಾಯಿಬಿಟ್ಟಳು. "ಪೆಸ್ಸಿ, ಅವರಿಗೆ ಕುರ್ಚಿ ಹಾಕು. ವಯಸ್ಸಾಗಿದೆ."

ಸೂತಕದವಳು ಮಾತಾಡಿಯಾಯಿತು; ಇನ್ನು ಮಿನ್ನಾ ಮಗಳ ಹತ್ತಿರ ಮಾತಾಡಬಹುದಿತ್ತು. ಬಾಯಿ ತೆರೆದಳು, ಏನೂ ಬರಲಿಲ್ಲ. ಯಿಡ್ಡಿಷೂ ಇಲ್ಲ, ಇಂಗ್ಲಿಷೂ ಇಲ್ಲ. ಕುರ್ಚಿಯಲ್ಲಿ ಕೂತು ಮಗಳ ಬಗ್ಗಿದ ತಲೆಯನ್ನು ನೋಡುತ್ತಲೇ ಇದ್ದಳು. ಪಕ್ಕದ ಕೋಣೆಯಲ್ಲಿ ಗಂಡಸರ ಸಂಜೆಯ ಪ್ರಾರ್ಥನೆ ಶುರುವಾದಾಗ ನಾನು ಅವಳ ತೋಳು ಹಿಡಿದು ಎಬ್ಬಿಸಿದೆ.

ಪೆಸ್ಸಿ ಬಾಗಿಲ ತನಕ ಬಂದಳು. "ನಾಳೆ ಬರ್ತೀರಾ?"

ಮಿನ್ನಾ ತಿರುಗಿ ಲೀಬಾಳನ್ನು ನೋಡಿದಳು. ಅಲ್ಲಿಂದ ಹೂಂ ಇಲ್ಲ, ಉಹೂಂ ಇಲ್ಲ.

"ಗೊತ್ತಿಲ್ಲ ಕಂದಾ," ಎಂದಳು, ಒಂದು ತಪ್ಪೂ ಇಲ್ಲದ ಯಿಡ್ಡಿಷಿನಲ್ಲಿ.