ಕೊನೆಯನ್ನು ಒಪ್ಪದ ವೈನಿ

ಕಳೆದ ವಾರ ಸಿಂದಗಿಯ ಬಸ್ ನಿಲ್ದಾಣದಲ್ಲಿ ಯಾರೋ ಶೇಂಗಾ ಹುರಿಯುತ್ತಿದ್ದರು. ಆ ವಾಸನೆಗೆ ತವರಿನ ಎದುರು ಮನೆಯ ವೈನಿ ನೆನಪಾದರು. ವೈನಿ ಅಂದರೆ ಅತ್ತಿಗೆ; ಸಂಬಂಧವೇನಿಲ್ಲ, ಓಣಿಯೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಒಂದು ಕೈಯಲ್ಲಿ ಶೇಂಗಾ ತಿರುವುತ್ತ, ಇನ್ನೊಂದರಲ್ಲಿ ಕಾದಂಬರಿ ಹಿಡಿದು ಒಲೆಯ ಮುಂದೆ ಕೂತಿರುತ್ತಿದ್ದರು. ಅವರು ಕೊಟ್ಟ ಪುಸ್ತಕಗಳಿಗೂ ಅದೇ ವಾಸನೆ...

ಎಪ್ಪತ್ತರ ದಶಕದ ಮಾತು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ನಾನು ತವರಿಗೆ ಮರಳಿದ್ದೆ. ಹೊಸ್ತಿಲು ದಾಟುತ್ತಿರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೋಗುತ್ತಿದ್ದರು. ವೈನಿ ಮಾತ್ರ ಹೊಸದಾಗಿ ಬಂದ ಕಾದಂಬರಿಯೊಂದನ್ನು ನನ್ನ ತೊಡೆಯ ಮೇಲಿಟ್ಟು, "ಅರ್ಧಾ ಓದಿ ಬಿಡಬ್ಯಾಡ. ನಾಳಿ ಕೇಳ್ತೇನಿ" ಅಂದರು. ಮರುದಿನ ಕೇಳಿಯೂ ಕೇಳಿದರು.

ಓಣಿಯ ಹೆಂಗಸರನ್ನೂ ಅವರು ಬಿಡುತ್ತಿರಲಿಲ್ಲ. ಮಧ್ಯಾಹ್ನ ಶ್ಯಾವಿಗೆ ಹೊಸೆಯುವಾಗ ಕತೆಯನ್ನು ಅರ್ಧದವರೆಗೆ ಹೇಳಿ, "ಮುಂದಿಂದು ಓದ್ಕೋರಿ" ಎಂದು ಎದ್ದುಬಿಡುತ್ತಿದ್ದರು.

ಅವರು ಕೊಟ್ಟ ಒಂದು ಕಾದಂಬರಿಯಲ್ಲಿ ನನ್ನಂಥವಳೇ ಒಬ್ಬಳಿದ್ದಳು. ಕೊನೆಯಲ್ಲಿ ಬಾವಿಗೆ ಬಿದ್ದು ಸತ್ತಳು. ಓದಿ ಮುಗಿಸಿದ ಮೇಲೆ ನನಗೆ ಊಟ ಸೇರಲಿಲ್ಲ. ಅವ್ವ ವೈನಿಯ ಮೇಲೆ ಸಿಟ್ಟಾದಳು.

"ಇಂಥಾ ಪುಸ್ತಕ ಯಾಕ ಕೊಟ್ಟಿ ನೀ? ಮದ್ಲ ನೊಂದ ಹುಡುಗಿ."

ವೈನಿ ನನ್ನ ಪಕ್ಕ ಬಂದು ಕೂತರು. "ಪುಸ್ತಕ ಚಲೋ ಐತಿ, ಅದಕ್ಕ ಕೊಟ್ಟೆ. ಕಡೀಕ ಹಂಗ ಬರದದ್ದು ನಾ ಒಪ್ಪೂದಿಲ್ಲ. ನೀನೂ ಒಪ್ಪಬ್ಯಾಡ. ಏಳು, ಬ್ಯಾರೇದು ತರೂಣು."

ಅಲ್ಲಿಯವರೆಗೆ ಅವರ ಯಜಮಾನರು ವಾಚನಾಲಯದಿಂದ ಪುಸ್ತಕ ತಂದುಕೊಡುತ್ತಿದ್ದರು. ಅಂದು ನಾವಿಬ್ಬರೇ ಹೋದೆವು. ಪತ್ರಿಕೆ ಓದುತ್ತಿದ್ದ ಗಂಡಸರೆಲ್ಲ ತಲೆ ಎತ್ತಿದರು.

"ಯಜಮಾನರನ್ನ ಕಳಸ್ರಿ, ಕೊಡ್ತೇವಿ" ಎಂದರು ಗ್ರಂಥಪಾಲಕರು.

"ಅವರು ಓದೂದಿಲ್ರಿ. ಓದಾಕಿ ನಾ ಅದೇನಿ, ಈಕಿ ಅದಾಳ."

ಹಾಗೆಂದು ವೈನಿ ಬೆಂಚಿನ ಮೇಲೆ ಕೂತರು. ನಾನೂ ಕೂತೆ. ಗ್ರಂಥಪಾಲಕರು ಕಪಾಟು ತೆರೆಯುವವರೆಗೂ ನಾವು ಏಳಲಿಲ್ಲ.

ಆಮೇಲೆ ಪ್ರತಿ ವಾರ ಹೋಗತೊಡಗಿದೆವು. ಶಿಕ್ಷಕಿಯ ತರಬೇತಿಗೆ ವಿಜಾಪುರಕ್ಕೆ ಹೋಗುತ್ತೇನೆಂದಾಗ ಅಪ್ಪ ಬೇಡವೆಂದರು. ನಾನು ಪಟ್ಟು ಬಿಡಲಿಲ್ಲ. ಮುಂದೆ ಇಂಡಿ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ವೈನಿಯ ಯಜಮಾನರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ರಜೆ ಬಂದರೆ ಹೊಸ ಕಾದಂಬರಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಮೆಚ್ಚಿದ್ದನ್ನು ಹೊಗಳುತ್ತ, ಮೆಚ್ಚದ್ದಕ್ಕೆ ಜಗಳವಾಡುತ್ತ ಊಟದ ಹೊತ್ತು ಮೀರಿಹೋಗುತ್ತಿತ್ತು... ಕಡೆಗಾಲಕ್ಕೆ ಅವರ ಕಣ್ಣು ಮಂಜಾದವು. ನಾನು ಓದಿ ಹೇಳುತ್ತಿದ್ದೆ. ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು.

ನಿನ್ನೆ ಹೊಸ ಕಾದಂಬರಿಯೊಂದನ್ನು ಓದಿ ಮುಗಿಸಿದೆ. ಬಹಳ ಚೆನ್ನಾಗಿದೆ. ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿ ಓದಲೇಬೇಕೆಂದೆ, ಪಕ್ಕದ ಮನೆಯವರಿಗೆ ಪುಸ್ತಕವನ್ನೇ ಕೊಟ್ಟುಬಂದೆ. ಆದರೂ ಮೊದಲು ಹೇಳಬೇಕಾದವರಿಗೆ ಹೇಳುವುದು ಹಾಗೇ ಉಳಿದಿದೆ.