ಹೊಲಿಗೆಯ ಮೇಲೆ ಓಡಿದ ಕತ್ತರಿ

ದಾನಮ್ಮ ಇಪ್ಪತ್ತಾರು ವರ್ಷ ಬನಶಂಕರಿಯ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಬಟ್ಟೆ ಹೊಲಿದಳು. ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ವಸಂತಪುರದ ಗೋಡೌನಿನಲ್ಲಿ ಅಂಥದೇ ಬಟ್ಟೆಯನ್ನು ಕತ್ತರಿಸುವ ಕೆಲಸ ಸಿಕ್ಕಿತು. ಹರಿದದ್ದಲ್ಲ, ಹಳೆಯದಲ್ಲ, ಚೀಟಿ ಕೂಡ ಕೀಳದ ಹೊಸ ಬಟ್ಟೆ. ಗುಂಡಿ ಓರೆಯಾಗಿದೆ ಎಂದೋ, ಬಣ್ಣ ಕೊಂಚ ಮಾಸಲು ಎಂದೋ ಪರದೇಶದ ಕಂಪನಿ ಬೇಡವೆಂದ ಮಾಲು. ಅಗ್ಗಕ್ಕೆ ಮಾರಿದರೆ ಕಂಪನಿಯ ಹೆಸರು ಕೆಡುತ್ತದಂತೆ. ಅದಕ್ಕೇ ಒಂದೊಂದನ್ನೂ ಎದೆಯ ನಡುವೆ ಅಡ್ಡಡ್ಡ ಕತ್ತರಿಸಿ ಸುಡಲು ಕಳಿಸಬೇಕು. ಗೋಡೌನಿನ ಬೋರ್ಡಿನ ಮೇಲೆ ಹಸಿರು ಎಲೆಯ ಚಿತ್ರ ಬೇರೆ!

ದಾನಮ್ಮನ ಕೈ ಮಾತ್ರ ಈ ಪಾಠ ಕಲಿಯಲೊಲ್ಲದು. ಬಟ್ಟೆ ಮುಟ್ಟಿದರೆ ಸಾಕು, ಬೆರಳು ತಾನಾಗಿ ಹೊಲಿಗೆಯನ್ನು ಹುಡುಕುತ್ತಿತ್ತು. ಯಾರೂ ನೋಡದಾಗ ಅವಳ ಕತ್ತರಿ ಹೊಲಿಗೆಯ ಮೇಲೆಯೇ ಓಡುತ್ತಿತ್ತು. ಹಾಗೆ ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದು. ಇದು ಕಸ ಗುಡಿಸುವ ನಾರಾಯಣಮ್ಮನ ಕಣ್ಣಿಗೂ ಬಿತ್ತು. ಒಂದು ದಿನ ಅವಳು ಹಳದಿ ಫ್ರಾಕಿನ ತುಂಡುಗಳನ್ನು ಕಸದ ಚೀಲದಲ್ಲಿ ಬಚ್ಚಿಟ್ಟು ಒಯ್ದು, ಕೈಯಲ್ಲೇ ಹೊಲಿದು ಮೊಮ್ಮಗಳು ಲಿಖಿತಾಗೆ ತೊಡಿಸಿದಳು.

ಆರು ವರ್ಷದ ಮಗು, ಹೊಸ ಫ್ರಾಕಿನ ಸಡಗರ. ಅಜ್ಜಿಯ ಊಟದ ಡಬ್ಬಿ ಹಿಡಿದು ಅದೇ ಫ್ರಾಕಿನಲ್ಲಿ ಗೋಡೌನಿನ ಗೇಟಿಗೆ ಬಂತು. ಸೂಪರ್‌ವೈಸರ್ ದೀಪಕ್ ಅಲ್ಲೇ ನಿಂತಿದ್ದ.

ಮರುದಿನ ನಾರಾಯಣಮ್ಮ ಅವನು ಹೇಳಿದಂತೆ ಫ್ರಾಕನ್ನು ಒಗೆದು, ಮಡಿಸಿ ತಂದು ದಾನಮ್ಮನ ಮೇಜಿನ ಮೇಲಿಟ್ಟಳು. ದೀಪಕ್ ಅದನ್ನು ತಿರುವಿ ನೋಡಿದ.

"ಹೊಲಿಗೆ ಮೇಲೇ ಕಟ್ ಮಾಡಿದೀರಾ. ಬೇಕಂತಾನೇ ಅಲ್ವಾ ದಾನಮ್ಮ?"

"ಕೈ ಹಂಗೇ ಹೋಗತ್ತೆ ಸಾರ್."

"ಹಂಗಾದ್ರೆ ಇವತ್ತು ಕೈಗೆ ಕಲಿಸಿ. ಇದನ್ನೇ ಸರಿಯಾಗಿ ಕಟ್ ಮಾಡಿ. ಇಲ್ಲಾಂದ್ರೆ ನಾಳೆಯಿಂದ ಇಬ್ರೂ ಬರ್ಬೇಡಿ."

ಇಬ್ಬರೂ ಎಂದ, ಪಾಪಿ. ತನ್ನೊಬ್ಬಳ ಕೆಲಸವಾಗಿದ್ದರೆ ದಾನಮ್ಮ ಕತ್ತರಿ ಎಸೆದು ಹೋಗುತ್ತಿದ್ದಳೋ ಏನೋ. ಹಾಗೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು.

"ಕಟ್ ಮಾಡಿ ಅಕ್ಕ, ಪರ್ವಾಗಿಲ್ಲ," ಎಂದಳು ನಾರಾಯಣಮ್ಮ, ನೆಲ ನೋಡುತ್ತ.

ಫ್ರಾಕು ಸೋಪಿನ ವಾಸನೆ ಹೊಡೆಯುತ್ತಿತ್ತು. ನಾರಾಯಣಮ್ಮನ ಹೊಲಿಗೆ ಸೊಟ್ಟಪಟ್ಟ, ಆದರೆ ಗಟ್ಟಿ. ದಾನಮ್ಮ ಅದರ ಎದೆಯ ನಡುವೆ ಕತ್ತರಿಯಿಟ್ಟು ಈ ತುದಿಯಿಂದ ಆ ತುದಿಗೆ ಕತ್ತರಿಸಿದಳು.

ಅಂದಿನಿಂದ ಅವಳ ಕೈ ತಪ್ಪಲಿಲ್ಲ. ದಿನಕ್ಕೆ ನೂರಾರು ಅಂಗಿ, ಎಲ್ಲವೂ ಅಡ್ಡಡ್ಡ. ನಾರಾಯಣಮ್ಮ ಎಂದಿನಂತೆ ಬಂದು ಗುಡಿಸಿಕೊಂಡು ಹೋಗುತ್ತಾಳೆ, ಮಾತು ಕಡಿಮೆ.

ಕಳೆದ ತಿಂಗಳು ಮಗಳು ವನಿತಾ ರವಿಕೆಯೊಂದನ್ನು ತಂದು, "ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಲೂಸ್ ಮಾಡ್ಕೊಡಮ್ಮ," ಎಂದಳು. ದಾನಮ್ಮ ರವಿಕೆಯನ್ನು ತೊಡೆಯ ಮೇಲೆ ಹರವಿ ಕತ್ತರಿ ಎತ್ತಿಕೊಂಡಳು. ನೋಡಿದರೆ ಕತ್ತರಿ ರವಿಕೆಯ ಎದೆಯ ನಡುವೆ ಹೋಗಿ ನಿಂತಿತ್ತು. ಮೆಲ್ಲಗೆ ಕೆಳಗಿಟ್ಟಳು.

"ಪದ್ಮನಾಭನಗರದಲ್ಲಿ ಯಾರಾದ್ರೂ ಟೈಲರ್‌ಗೆ ಕೊಡು ಕಣೇ," ಎಂದಳು. "ನಂಗೆ ಬರಲ್ಲ."