ಪರದೆಯ ಆಚೆಯ ವೈದ್ಯರು

ಮಾಳಮಡ್ಡಿಯಲ್ಲಿ ಮೂಲವ್ಯಾಧಿಗೆ ಔಷಧ ಕೊಡುವ ವೈದ್ಯರೊಬ್ಬರಿದ್ದರು. ರೋಗಿಯನ್ನು ನೋಡದೇ ಇರುವುದೇ ಅವರ ದೊಡ್ಡಸ್ತಿಕೆ. ನಡುವೆ ಹಸಿರು ಪರದೆ, ಈಚೆ ನಮಗೊಂದು ಕುರ್ಚಿ, ಆಚೆ ಅವರ ಕೆಮ್ಮು.

“ಮರ್ಯಾದಸ್ತರ ಮನಿ ಹೆಣ್ಮಕ್ಕಳು ನೀವು. ನಾ ನೋಡೂದಿಲ್ಲ ಬಿಡ್ರಿ, ಹೇಳಿದ್ರ ತಿಳೀತೈತಿ” ಅನ್ನುವರು. ನಾಚುವ ನಮಗೂ ಅಷ್ಟೇ ಬೇಕಾಗಿತ್ತು. ಪರದೆಯ ಕೆಳಗಿನಿಂದ ಉಂಗುರದ ಕೈಯೊಂದು ಮುಲಾಮಿನ ಡಬ್ಬಿ ತಳ್ಳುತ್ತಿತ್ತು.

ಸಂಡಾಸಿಗೆ ಕೂತಾಗೆಲ್ಲ ನನಗೆ ಕೆಂಪಗೆ ಕರುಳೇ ಹೊರಬೀಳುತ್ತಿತ್ತು, ಕೈಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದೆ. ಹೇಳಿದರೆ, “ಮೂಲವ್ಯಾಧೀನ ಅದು, ಖಾರಾ ಬಿಡ್ರಿ” ಎಂದರು. ಎರಡು ವರ್ಷ ಖಾರ ಬಿಟ್ಟೆ. ಆಮೇಲೆ ನಡೆದರೂ ಬೀಳತೊಡಗಿತು. ಸೀರೆ ಒದ್ದೆಯಾಗುವ ಭಯಕ್ಕೆ ಮದುವೆಮನೆಗಳನ್ನೂ ಬಿಟ್ಟೆ.

ಕೊನೆಗೆ ಸತ್ತೂರಿನ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಕುಕ್ಕರಗಾಲಲ್ಲಿ ಕೂರಿಸಿ, “ಸಂಡಾಸಿಗೆ ಕೂತಂಗ ಮುಕ್ಕರಿಸ್ರಿ ಕಾಕೂ” ಎಂದಳು. ಒಂದೇ ನಿಮಿಷ ನೋಡಿದಳು.

“ಮೂಲವ್ಯಾಧಿ ಅಲ್ಲರಿ ಇದು. ಗುದನಾಳ ಜಾರೇತಿ. ಹೊಟ್ಟಿ ಕೊಯ್ದು ಮ್ಯಾಲೆ ಎಳದು ಹೊಲೀಬೇಕು. ಇಷ್ಟ ದಿನಾ ಯಾರೂ ನೋಡ್ಲೇ ಇಲ್ಲೇನು?”

“ನಡುವ ಪರದಾ ಇತ್ರಿ” ಎಂದೆ.

ಹೊಲಿಗೆ ಮಾಗಿದ ಮೇಲೆ ಒಮ್ಮೆ ಆ ವೈದ್ಯರ ಮನೆ ಮುಂದೆ ಹಾದುಹೋದೆ. ಕಟ್ಟೆ ಖಾಲಿಯಿದ್ದರೂ ಒಬ್ಬ ಹೆಂಗಸು ಕೂರದೆ ನಿಂತಿದ್ದಳು, ನಾನು ನಿಲ್ಲುತ್ತಿದ್ದ ಹಾಗೆಯೇ.

“ಸಂಡಾಸಿಗೆ ಕೂತ್ರ ಹೊರಗ ಬರ್ತೈತೇನವಾ?” ಅವಳ ಕಿವಿಯಲ್ಲಿ ಮೆಲ್ಲಗೆ ಕೇಳಿದೆ. ತಲೆಯಾಡಿಸಿ ಅತ್ತಳು. ಕೈಹಿಡಿದುಕೊಂಡು ಸತ್ತೂರ ಬಸ್ಸಿನ ಕಡೆ ಹೊರಟೆ.

ಹಿಂದೆ, ನಮ್ಮ ಸಪ್ಪಳ ಕೇಳಿ, ಪರದೆಯ ಆಚೆಯಿಂದ, “ಸಂಕೋಚ ಬ್ಯಾಡ ತಂಗಿ, ನಾ ನೋಡೂದಿಲ್ಲ” ಎಂದು ಅವರು ಖಾಲಿ ಕುರ್ಚಿಗೆ ಹೇಳುತ್ತಿದ್ದರು.